ಬಿಗಿದದ್ದನ್ನು ಬಿಡಿಸುವ ವಿದ್ಯೆ

ಯಳಂದೂರಿನ ಗೌರೀಶ್ವರ ದೇವಾಲಯದ ಮಹಾದ್ವಾರಕ್ಕೆ ಬಳೆಮಂಟಪ ಎಂದು ಹೆಸರು. ಹದಿನಾಡಿನ ಪಾಳೆಯಗಾರರ ಕಾಲದಲ್ಲಿ, 17ನೆಯ ಶತಮಾನದಲ್ಲಿ ಎದ್ದ ಈ ಮಂಟಪಕ್ಕೆ ಆ ಹೆಸರು ಬಂದದ್ದು ಅದರ ಮೂಲೆಗಳಲ್ಲಿದ್ದ ಕಲ್ಲಿನ ಬಳೆಗಳ ಸರಪಳಿಯಿಂದ. ಒಂದರೊಳಗೊಂದು ಸೇರಿದ ಆ ಬಳೆಗಳನ್ನು ಒಂದೇ ಕಲ್ಲಿನಲ್ಲಿ ಕಡೆಯಲಾಗಿತ್ತು. ಅವನ್ನು ಯಾರೂ ಜೋಡಿಸಿದ್ದಲ್ಲ. ಹಾಗಾಗಿ ಒಡೆಯದೆ ಬಿಡಿಸುವುದೂ ಸಾಧ್ಯವಿಲ್ಲ. ನೋಡುವವರ ಬೆರಗಿಗೆ ಕಾರಣ ಅದೇ.

ಅದೇ ಯಳಂದೂರಿನಲ್ಲಿ, ಪಕ್ಕದ ಕೊಳ್ಳೇಗಾಲದಲ್ಲಿ, ಅದರಾಚೆಯ ಹನೂರಿನಲ್ಲಿ ಯಾವ ಮೋಟಾರು ರಿಪೇರಿ ಅಂಗಡಿಗೆ ಹೋದರೂ ಇನ್ನೊಂದು ಬಗೆಯ ಬಳೆಗಳು ಕಾಣುತ್ತವೆ. ಇವು ಉಕ್ಕಿನವು. ಹೊರಗೊಂದು ಬಳೆ, ಒಳಗೊಂದು ಬಳೆ, ನಡುವೆ ಗುಂಡುಗಳು. ಇದೇ ಬೇರಿಂಗ್. ಮೋಟಾರಿನ ಷಾಫ್ಟಿನ ಮೇಲೆ ಇದರ ಒಳ ಬಳೆಯನ್ನು ಕೂರಿಸಲು ಮೊಳೆ ಇಲ್ಲ, ತಿರುಪು ಇಲ್ಲ, ಬೆಸುಗೆಯೂ ಇಲ್ಲ. ಬಿಗಿಯೊಂದೇ ಅದನ್ನು ಹಿಡಿದಿಡುತ್ತದೆ. ಹೊಸ ಬೇರಿಂಗನ್ನು ಕೂರಿಸುವುದು ಗಳಿಗೆಯ ಕೆಲಸ. ವರ್ಷಗಟ್ಟಲೆ ತಿರುಗಿ, ನೀರು ಕುಡಿದು, ತುಕ್ಕು ಹಿಡಿದು ಕಚ್ಚಿಕೊಂಡ ಹಳೆಯದನ್ನು ಷಾಫ್ಟು ಕೆಡದಂತೆ ಹೊರತೆಗೆಯುವುದು ಮಾತ್ರ ಬೇರೆಯೇ ವಿದ್ಯೆ.

ಯಂತ್ರಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅವುಗಳನ್ನು ಕಂಡುಹಿಡಿದವರ ಕಡೆಯಿಂದ ಹೇಳಲಾಗುತ್ತದೆ. ಕೆಟ್ಟ ಯಂತ್ರವನ್ನು ಬಿಚ್ಚುವವರ ಕಡೆಯಿಂದ ಹೇಳಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಕಾವೇರಿಯ ದಕ್ಷಿಣಕ್ಕಿರುವ ಈ ಮೂರು ತಾಲ್ಲೂಕುಗಳಲ್ಲಿ ಅದರ ಆರಂಭ ಕಾರ್ಖಾನೆಯಲ್ಲಲ್ಲ, ಎತ್ತಿನ ಗಾಡಿಯ ಚಕ್ರದಲ್ಲಿ.

ಬೆಂಕಿಯಲ್ಲಿ ಹಿಗ್ಗಿದ ಪಟ್ಟೆ

ಮರದ ಗಾಡಿಚಕ್ರದಲ್ಲಿ ನಡುವಿನ ಗುಂಬ, ಅದರಿಂದ ಹೊರಟ ಅರೆಕಾಲುಗಳು, ಅವುಗಳ ತುದಿಯಲ್ಲಿ ಬಾಗಿದ ಮರದ ತುಂಡುಗಳ ಸುತ್ತು, ಎಲ್ಲಕ್ಕೂ ಹೊರಗೆ ಕಬ್ಬಿಣದ ಪಟ್ಟೆ ಇರುತ್ತವೆ. ಮರದ ಭಾಗಗಳೆಲ್ಲ ಒಂದರೊಳಗೊಂದು ಸೇರಿಸಿದವು. ಅವು ಕಳಚದಂತೆ ಒಟ್ಟಾಗಿ ಹಿಡಿಯುವುದು ಆ ಪಟ್ಟೆ. ಪಟ್ಟೆಯನ್ನು ಚಕ್ರದ ಸುತ್ತಳತೆಗಿಂತ ಕೊಂಚ ಚಿಕ್ಕದಾಗಿ ಮಾಡುವುದು ಈ ಕೆಲಸದ ಗುಟ್ಟು. ತಣ್ಣಗಿದ್ದಾಗ ಅದು ಚಕ್ರಕ್ಕೆ ಹತ್ತುವುದೇ ಇಲ್ಲ. ಬೆರಣಿ, ಸೌದೆ ಒಟ್ಟಿ ಪಟ್ಟೆಯನ್ನು ಸುತ್ತಲೂ ಒಂದೇ ಸಮನಾಗಿ ಕಾಯಿಸಿದರೆ ಅದು ಹಿಗ್ಗುತ್ತದೆ. ಇಕ್ಕಳಗಳಲ್ಲಿ ಹಿಡಿದು ತಂದು ಚಕ್ರದ ಮೇಲಿಟ್ಟು, ಸುತ್ತಿಗೆಯಿಂದ ತಟ್ಟಿ ಇಳಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಹೊಯ್ಯಬೇಕು. ಪಟ್ಟೆ ಕುಗ್ಗಿ ಚಕ್ರದ ಕೀಲು ಕೀಲನ್ನೂ ಹಿಂಡಿ ಬಿಗಿಯುತ್ತದೆ.

ಇದರ ಲೆಕ್ಕ ಸರಳ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಕಬ್ಬಿಣ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಬೆಳೆಯುತ್ತದೆ. ಐದಡಿ ಎತ್ತರದ ಚಕ್ರವೆಂದುಕೊಂಡರೆ ಅದರ ಪಟ್ಟೆಯ ಉದ್ದ ಸುಮಾರು 4.8 ಮೀಟರ್. ಅದನ್ನು 400 ಡಿಗ್ರಿ ಏರುವಂತೆ ಕಾಯಿಸಿದರೆ ಉದ್ದದಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಈ ಬೆಳವಣಿಗೆಯನ್ನು ಕಮ್ಮಾರ ಸೂತ್ರದಿಂದ ತಿಳಿದವನಲ್ಲ. ಪಟ್ಟೆಯ ಬಣ್ಣ ನೋಡಿ, ಚಕ್ರವನ್ನೂ ಪಟ್ಟೆಯನ್ನೂ ದಾರದಲ್ಲಿ ಅಳೆದು, ಎಷ್ಟು ಚಿಕ್ಕದು ಮಾಡಬೇಕೆಂದು ಅವನು ನಿರ್ಧರಿಸುತ್ತಿದ್ದ. ಹೆಚ್ಚು ಚಿಕ್ಕದಾದರೆ ಅರೆಕಾಲು ಬಾಗುತ್ತದೆ, ಸಾಲದಾದರೆ ಪಟ್ಟೆ ದಾರಿಯಲ್ಲೇ ಕಳಚುತ್ತದೆ.

ಈ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವದ ಕೊನೆಯ ಶತಮಾನಗಳ ಯೂರೋಪಿನ ಕೆಲ್ಟ್ ಜನರ ರಥಗಳಲ್ಲಿಯೇ ಒಂದೇ ತುಂಡಿನ, ಕಾಯಿಸಿ ಕೂರಿಸಿದ ಕಬ್ಬಿಣದ ಪಟ್ಟೆಗಳು ಸಿಕ್ಕಿವೆ. 1850ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಆರ್ಮ್‌ಸ್ಟ್ರಾಂಗ್ ಇದೇ ತತ್ವದಿಂದ ತೋಪಿನ ನಳಿಗೆಯ ಮೇಲೆ ಕಾಯಿಸಿದ ಕಬ್ಬಿಣದ ಬಳೆಗಳನ್ನು ತೊಡಿಸಿ, ಮದ್ದಿನ ಒತ್ತಡಕ್ಕೆ ಸಿಡಿಯದ ತೋಪುಗಳನ್ನು ಮಾಡಿದ.

ಗಾಡಿಯ ಚಕ್ರ ಕೂರಿಸುವ ಪಾಠವನ್ನಷ್ಟೇ ಅಲ್ಲ, ಬಿಡಿಸುವ ಪಾಠವನ್ನೂ ಕಲಿಸಿತು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಪಟ್ಟೆ ತಾನಾಗಿ ಸಡಿಲವಾಗುತ್ತಿತ್ತು. ಆಗ ರೈತ ಗಾಡಿಯನ್ನು ಕೆರೆಯ ಅಂಚಿನ ನೀರಿಗಿಳಿಸಿ ಮರ ನೆನೆದು ಉಬ್ಬುವಂತೆ ಮಾಡುತ್ತಿದ್ದ. ಅದೂ ಸಾಲದೆ ಬಂದಾಗ ಕಮ್ಮಾರ ಪಟ್ಟೆಯನ್ನು ತೆಗೆದು, ಒಂದು ತುಂಡು ಕತ್ತರಿಸಿ, ಮತ್ತೆ ಬೆಸೆದು ಕೂರಿಸುತ್ತಿದ್ದ. ಗುಂಬದ ಒಳಗೆ ಅಚ್ಚು ತಿರುಗುವ ಕಡೆ ಬಿಗಿಯಾಗಿ ಬಡಿದು ಸೇರಿಸಿದ ಕಬ್ಬಿಣದ ಕೊಳವೆಯೂ ಸವೆಯುತ್ತಿತ್ತು. ಆ ಕೊಳವೆ ಬೇರಿಂಗಿನ ಅಜ್ಜನಿದ್ದಂತೆ. ಅದರ ಸವೆತ ತಡೆಯಲು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿದ ಕೀಲೆಣ್ಣೆ ಇರುತ್ತಿತ್ತು. ಒನಕೆಯ ತುದಿಯ ಅಣಸು, ಗುದ್ದಲಿಯ ಕಾವು ಎಲ್ಲವೂ ಇದೇ ಬಿಗಿಯ ಬಂಧುಗಳು. ಗುದ್ದಲಿಯ ಕಾವು ಮುರಿದಾಗ ಒಳಗುಳಿದ ಮರದ ಚೂರನ್ನು ಬಡಿದು ಬಡಿದು ಸೋತವರಿಗೆ, ಅದನ್ನು ಒಣಗಲು ಬಿಟ್ಟರೆ ತಾನಾಗಿ ಸಡಿಲವಾಗುವುದೆಂಬ ತಿಳಿವಳಿಕೆ ಹಳ್ಳಿಯಲ್ಲಿ ಹೊಸದೇನಲ್ಲ.

ಕಬ್ಬಿಣದ ಭಿಕ್ಷೆ

ಈ ಸೀಮೆಯ ಜನಪದರಿಗೆ ಕಬ್ಬಿಣದ ಕೆಲಸಗಾರರು ಎಷ್ಟು ಮುಖ್ಯರಾಗಿದ್ದರು ಎಂಬುದಕ್ಕೆ ಮಂಟೇಸ್ವಾಮಿ ಕಾವ್ಯವೇ ಸಾಕ್ಷಿ. ನೀಲಗಾರರು ತಂಬೂರಿ ಹಿಡಿದು ಹಾಡುವ ಈ ಮಹಾಕಾವ್ಯದಲ್ಲಿ ಸಿದ್ದಪ್ಪಾಜಿಯು ಗುರುವಿನ ಆಣತಿಯಂತೆ ಹಲಗೂರಿನ ಪಾಂಚಾಳರ ಬಳಿಗೆ ಹೋಗಿ ಬೇಡುವುದು ಅನ್ನವನ್ನಲ್ಲ, ಕಬ್ಬಿಣವನ್ನು. ಅವರು ಇಲ್ಲವೆನ್ನುತ್ತಾರೆ, ಅವನನ್ನು ಬಗೆಬಗೆಯಾಗಿ ಪರೀಕ್ಷೆಗೆ ಒಡ್ಡುತ್ತಾರೆ, ಕೊನೆಗೆ ಸೋತು ಒಪ್ಪುತ್ತಾರೆ. ಬೇಡಲು ಹೋದ ಸಿದ್ದಪ್ಪಾಜಿಯೂ ಮೊದಲು ಕೆಂಪಾಚಾರಿ, ಪಾಂಚಾಳರ ಮನೆಯ ಮಗನೇ. ಹಲಗೂರು ಕಾವೇರಿಯ ಆಚೆಗೆ ಮಳವಳ್ಳಿ ತಾಲ್ಲೂಕಿನಲ್ಲಿದೆ. ಸಿದ್ದಪ್ಪಾಜಿಯ ನೆಲೆಯಾದ ಚಿಕ್ಕಲ್ಲೂರು ಈಚೆಗೆ ಕೊಳ್ಳೇಗಾಲದ ಸೀಮೆಯಲ್ಲಿದೆ. ಅಲ್ಲಿ ಪ್ರತಿವರ್ಷ ಐದು ದಿನಗಳ ಜಾತ್ರೆ ನಡೆಯುತ್ತದೆ.

ಕಾವ್ಯವನ್ನು ಭಕ್ತಿಯ ಕಥೆಯಾಗಿ ಕೇಳುವವರಿಗೂ ಅದರೊಳಗಿನ ಒಂದು ಸತ್ಯ ಕಿವಿಗೆ ಬೀಳದಿರದು. ಕುಲುಮೆ ಯಾರ ಕೈಯಲ್ಲಿದೆಯೋ ಅವರ ಬಾಗಿಲಿಗೆ ಊರೆಲ್ಲ ಹೋಗಬೇಕು. ನೇಗಿಲ ಗುಳ, ಕುಡುಗೋಲು, ಚಕ್ರದ ಪಟ್ಟೆ ಯಾವುದೂ ಕಮ್ಮಾರನಿಲ್ಲದೆ ನಡೆಯದು. ಮಾಡುವ ವಿದ್ಯೆ ಇದ್ದವರೇ ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವ ವಿದ್ಯೆಯನ್ನೂ ಬಲ್ಲವರಾಗಿದ್ದರು. ಇವೆರಡೂ ಬೇರೆಯಾದದ್ದು ದೂರದೇಶದ ಯಂತ್ರಗಳು ಬಂದ ಮೇಲೆ.

ನದಿಯ ದಂಡೆಗೆ ಬಂದ ಯಂತ್ರ

ಆ ಯಂತ್ರಗಳು ಈ ಸೀಮೆಯ ಹೊಸ್ತಿಲಿಗೆ ಬಂದದ್ದು ಶಿವನಸಮುದ್ರದಲ್ಲಿ. ಆಗ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಯಳಂದೂರು ಮಾತ್ರ ಮೈಸೂರಿನಲ್ಲಿ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿತ್ತು. ಕೊಳ್ಳೇಗಾಲದ ಎದುರಿಗೇ ನದಿಯ ಮೈಸೂರು ದಂಡೆಯಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಉತ್ಸಾಹದಿಂದ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ರೂಪಿಸಿದ ಯೋಜನೆಯಂತೆ ಜಲವಿದ್ಯುತ್ ಕೇಂದ್ರ ಎದ್ದಿತು. 1902ರ ಜೂನ್ 30ರಂದು ಇಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಈ ಭಾರಿ ಭಾಗಗಳು ಕೊನೆಯ ಹಾದಿಯಲ್ಲಿ ಬಂದದ್ದು ಗಾಡಿಗಳ ಮೇಲೆ, ಆನೆಗಳ ಬಲದಿಂದ. ಹಳೆಯ ಬಿಗಿಯ ಚಕ್ರಗಳೇ ಹೊಸ ಬಿಗಿಯ ಯಂತ್ರಗಳನ್ನು ಹೊತ್ತು ತಂದವು.

ಆ ಕಾಲದ ಭಾರಿ ಯಂತ್ರಗಳ ಷಾಫ್ಟುಗಳು ಗುಂಡುಗಳ ಮೇಲೆ ತಿರುಗುತ್ತಿರಲಿಲ್ಲ. ತವರದಂಥ ಮೆತ್ತನೆಯ ಬಿಳಿ ಲೋಹವನ್ನು ಎರಕ ಹೊಯ್ದ ತೊಟ್ಟಿಲಿನಲ್ಲಿ, ಎಣ್ಣೆಯ ಪದರದ ಮೇಲೆ ತಿರುಗುತ್ತಿದ್ದವು. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಹಕ್ಕುಪತ್ರ ಪಡೆದ ಈ ಉಪಾಯದಲ್ಲಿ ಸವೆದ ಲೋಹವನ್ನು ಕರಗಿಸಿ ಮತ್ತೆ ಹೊಯ್ಯಬಹುದಿತ್ತು. ರಿಪೇರಿ ಮಾಡುವವನಿಗೆ ಅದು ಒಂದು ರೀತಿಯ ಸುಗ್ಗಿಯ ಕಾಲ. ಕೆಟ್ಟ ಭಾಗವನ್ನು ಕಿತ್ತೆಸೆಯುವ ಪ್ರಮೇಯವೇ ಕಡಿಮೆ.

ಗುಂಡುಗಳ ಬೇರಿಂಗಿನ ಮೊದಲ ಹಕ್ಕುಪತ್ರ ಇನ್ನೂ ಹಳೆಯದು. 1794ರಲ್ಲಿ ವೇಲ್ಸಿನ ಫಿಲಿಪ್ ವಾನ್ ಅದನ್ನು ಪಡೆದದ್ದು ಗಾಡಿಯ ಅಚ್ಚಿಗಾಗಿಯೇ. ಆದರೆ ಎಲ್ಲ ಗುಂಡುಗಳೂ ಒಂದೇ ಅಳತೆಗೆ ಬಾರದೆ ಅದು ಬಳಕೆಗೆ ಬರುವಂತಿರಲಿಲ್ಲ. 1883ರಲ್ಲಿ ಜರ್ಮನಿಯ ಫ್ರೀಡ್ರಿಷ್ ಫಿಷರ್ ಗುಂಡುಗಳನ್ನು ಸಮನಾಗಿ ಉಜ್ಜುವ ಯಂತ್ರ ಮಾಡಿದ ಮೇಲೆ ದಾರಿ ತೆರೆಯಿತು. 1907ರಲ್ಲಿ ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್ ಷಾಫ್ಟು ಕೊಂಚ ವಾಲಿದರೂ ತಾನೇ ಹೊಂದಿಕೊಳ್ಳುವ ಬೇರಿಂಗನ್ನು ರೂಪಿಸಿ ಎಸ್‌ಕೆಎಫ್ ಕಂಪನಿ ಕಟ್ಟಿದ. ಭಾರತದಲ್ಲಿ 1946ರಲ್ಲಿ ಜೈಪುರದಲ್ಲಿ ಸ್ಥಾಪನೆಯಾದ ನ್ಯಾಷನಲ್ ಎಂಜಿನಿಯರಿಂಗ್ ಇಂಡಸ್ಟ್ರೀಸ್ ಬೇರಿಂಗ್ ತಯಾರಿಕೆಗೆ ಇಳಿಯಿತು. ಕೊಳ್ಳೇಗಾಲದ ಕಡೆಯ ಹೊಲಗಳಿಗೆ ವಿದ್ಯುತ್ ಪಂಪುಗಳು, ಹಳ್ಳಿಗಳಿಗೆ ಅಕ್ಕಿ ಗಿರಣಿಗಳು, ರಸ್ತೆಗಳಿಗೆ ರಬ್ಬರ್ ಟೈರಿನ ಗಾಡಿಗಳು ಬಂದಂತೆ ಬೇರಿಂಗುಗಳೂ ಬಂದವು. ಕುಲುಮೆಯ ಪಕ್ಕದಲ್ಲಿ ಲೇತ್ ಅಂಗಡಿ ತೆರೆಯಿತು.

ಕೂದಲೆಳೆಯ ಲೆಕ್ಕ

ಬೇರಿಂಗ್ ಎಷ್ಟು ಬಿಗಿ? ಪಂಪಿನ ಮೋಟಾರುಗಳಲ್ಲಿ ಹೆಚ್ಚಾಗಿ ಕಾಣುವ 6205 ಎಂಬ ಸಂಖ್ಯೆಯ ಬೇರಿಂಗನ್ನೇ ನೋಡಬಹುದು. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳ ರಂಧ್ರದ ಅಳತೆ ಸಿಗುತ್ತದೆ. ಇದಕ್ಕೆ 25 ಮಿಲಿಮೀಟರ್. ಅದು ಕೂರುವ ಷಾಫ್ಟು ಈ ರಂಧ್ರಕ್ಕಿಂತ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಮಾತ್ರ ದಪ್ಪ. ಮನುಷ್ಯನ ತಲೆಗೂದಲಿಗಿಂತ ಎಷ್ಟೋ ಕಡಿಮೆ. ಈ ಕೂದಲೆಳೆಯ ವ್ಯತ್ಯಾಸವೇ ಒಳ ಬಳೆ ಷಾಫ್ಟಿನ ಮೇಲೆ ಜಾರದಂತೆ ಹಿಡಿಯುತ್ತದೆ.

ಇದೇ ಲೆಕ್ಕ ಬಿಡಿಸುವ ದಾರಿಯನ್ನೂ ಹೇಳುತ್ತದೆ. ಒಳ ಬಳೆ ಷಾಫ್ಟಿಗಿಂತ 80 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ರಂಧ್ರ ಮಿಲಿಮೀಟರಿನ ನೂರನೆಯ ಎರಡು ಭಾಗಕ್ಕೂ ಮಿಗಿಲಾಗಿ ಹಿಗ್ಗುತ್ತದೆ. ಬಿಗಿ ಅಳಿಯಲು ಅಷ್ಟು ಸಾಕು. ಆದರೆ ಒಂದು ಷರತ್ತು: ಬಿಸಿ ಬಳೆಗೆ ತಾಗಬೇಕು, ಷಾಫ್ಟಿಗೆ ತಾಗಬಾರದು. ಎರಡೂ ಒಟ್ಟಿಗೆ ಕಾದರೆ ಎರಡೂ ಒಟ್ಟಿಗೆ ಹಿಗ್ಗಿ ಬಿಗಿ ಹಾಗೆಯೇ ಉಳಿಯುತ್ತದೆ. ಅನುಭವಿಗಳು ಷಾಫ್ಟಿಗೆ ಒದ್ದೆ ಬಟ್ಟೆ ಸುತ್ತಿ ಬಳೆಯ ಮೇಲೆ ಕಾದ ಎಣ್ಣೆ ಹೊಯ್ಯುವುದು ಈ ಕಾರಣಕ್ಕೆ. ಮತ್ತೆ ಬಳಸಬೇಕಾದ ಬೇರಿಂಗನ್ನು ಸುಮಾರು 120 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದು. ಹದ ಕೆಟ್ಟು ಉಕ್ಕು ತನ್ನ ಅಳತೆ, ಗಡಸುತನ ಕಳೆದುಕೊಳ್ಳುತ್ತದೆ.

ಹೊರ ಬಳೆ ಅಲ್ಯೂಮಿನಿಯಂ ಕವಚದಲ್ಲಿ ಸಿಕ್ಕಿಕೊಂಡಾಗ ಕೆಲಸ ಇನ್ನೂ ಸಲೀಸು. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕವಚವನ್ನು ಕಾಯಿಸಿ ಮರದ ಹಲಗೆಯ ಮೇಲೆ ಮೆಲ್ಲಗೆ ಕುಟ್ಟಿದರೆ ಬೇರಿಂಗ್ ತಾನಾಗಿ ಬೀಳುತ್ತದೆ. ಬೈಕಿನ ಎಂಜಿನ್ ಬಿಚ್ಚುವವರಿಗೆ ಇದು ದಿನನಿತ್ಯದ ಮಾತು.

ಬಲ ಮತ್ತು ಬುದ್ಧಿ

ಅವಸರದಲ್ಲಿ ಕೈಗೆ ಮೊದಲು ಬರುವುದು ಸುತ್ತಿಗೆ ಮತ್ತು ಚಾಣ. ಹಾನಿ ಆಗುವುದೂ ಅಲ್ಲಿಯೇ. ಬೇರಿಂಗಿನ ಉಕ್ಕು ಗಡುಸು, ಆದ್ದರಿಂದ ಪೆಡಸು. ನೇರ ಪೆಟ್ಟಿಗೆ ಅದರಿಂದ ಚೂರು ಸಿಡಿದು ಕಣ್ಣಿಗೆ ನಾಟಬಹುದು. ಕಣ್ಣಿಗೆ ಕನ್ನಡಕವಿಲ್ಲದೆ ಮಾಡುವ ಈ ಕೆಲಸದಲ್ಲಿ ಒಂದು ಪೆಟ್ಟಿನ ಬೆಲೆ ಒಂದು ಕಣ್ಣು. ಪೆಟ್ಟು ಹೊರ ಬಳೆಯ ಮೇಲೆ ಬಿದ್ದರೆ ಅದು ಗುಂಡುಗಳ ಮೂಲಕ ಒಳ ಬಳೆಗೆ ಹಾದು, ಗುಂಡು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳನ್ನು ಮಾಡುತ್ತದೆ. ಲೋಹದ ಗಡಸುತನ ಅಳೆಯಲು ಗುಂಡೊತ್ತಿ ತಗ್ಗು ಮಾಡುವ ವಿಧಾನವನ್ನು 1900ರಲ್ಲಿ ತೋರಿಸಿದ ಸ್ವೀಡನ್ನಿನ ಬ್ರಿನೆಲ್ ಅವರ ಹೆಸರಿನಿಂದಲೇ ಈ ಹಾನಿಯನ್ನು ಎಂಜಿನಿಯರುಗಳು ಕರೆಯುತ್ತಾರೆ. ಅಂಥ ಬೇರಿಂಗ್ ಮತ್ತೆ ಕೂರಿಸಿದ ಕೆಲವೇ ದಿನದಲ್ಲಿ ಗೊರಗೊರ ಎನ್ನುತ್ತದೆ. ಯಾವ ಬಳೆ ಬಿಗಿಯಾಗಿದೆಯೋ ಅದನ್ನೇ ಹಿಡಿದು ಎಳೆಯಬೇಕೆಂಬುದು ಈ ವಿದ್ಯೆಯ ಮೊದಲ ನಿಯಮ.

ಅದಕ್ಕೆಂದೇ ಇರುವುದು ಪುಲ್ಲರ್. ಎರಡು ಅಥವಾ ಮೂರು ಕಾಲುಗಳು ಬಳೆಯ ಹಿಂದೆ ಕೊಕ್ಕೆಯಂತೆ ಹಿಡಿದಿರುತ್ತವೆ, ನಡುವಿನ ತಿರುಪು ಷಾಫ್ಟಿನ ತುದಿಯನ್ನು ಒತ್ತುತ್ತದೆ. ಸುತ್ತಿಗೆಯ ಪೆಟ್ಟಿನ ಬದಲು ನಿಧಾನವಾದ, ನೇರವಾದ ಎಳೆತ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಸೀಮೆಎಣ್ಣೆಯೋ ಡೀಸೆಲ್ಲೋ ಸವರಿ ಬಿಡುವುದು ರೂಢಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಮೊದಲೇ ಇದ್ದ ಕೂದಲೆಳೆಯ ಬಿಗಿಯೊಳಗೆ ಅದು ಹೊಸ ಬೆಣೆ ಹೊಡೆದಂತೆ.

ಎಳೆಯಲು ಹಿಡಿತವೇ ಸಿಗದ ಕುರುಡು ರಂಧ್ರದಲ್ಲಿ ಇನ್ನೊಂದು ಉಪಾಯವಿದೆ. ಒಳ ರಂಧ್ರದ ತುಂಬ ಗ್ರೀಸ್ ತುಂಬಿ, ಅದಕ್ಕೆ ಸರಿಯಾಗಿ ಹೊಂದುವ ಕಬ್ಬಿಣದ ಕಡ್ಡಿ ಇಟ್ಟು ಹೊಡೆದರೆ ಗ್ರೀಸ್ ಹಿಂದಿನಿಂದ ಬೇರಿಂಗನ್ನು ಒತ್ತಿ ಹೊರಹಾಕುತ್ತದೆ. ದ್ರವಕ್ಕೆ ಕೊಟ್ಟ ಒತ್ತಡ ಎಲ್ಲ ದಿಕ್ಕಿಗೂ ಹರಡುವುದೆಂದು 17ನೆಯ ಶತಮಾನದಲ್ಲಿ ಪಾಸ್ಕಲ್ ಹೇಳಿದ್ದು. ಅದರ ಮೇಲೆ 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮ ಹೈಡ್ರಾಲಿಕ್ ಪ್ರೆಸ್ ಕಟ್ಟಿದ. 1940ರ ದಶಕದಲ್ಲಿ ಎಸ್‌ಕೆಎಫ್‌ನ ಎರ್ಲಂಡ್ ಬ್ರಾಟ್ ಅದನ್ನೇ ಸೂಕ್ಷ್ಮಗೊಳಿಸಿ, ಷಾಫ್ಟು ಮತ್ತು ಬಳೆಯ ನಡುವೆಯೇ ಎಣ್ಣೆಯನ್ನು ಭಾರಿ ಒತ್ತಡದಲ್ಲಿ ನುಗ್ಗಿಸುವ ವಿಧಾನ ರೂಪಿಸಿದ. ಎಣ್ಣೆಯ ಪದರದ ಮೇಲೆ ಬಳೆ ತೇಲಿ ಹೊರಬರುತ್ತದೆ. ಸೋಪುನೊರೆ ಹಚ್ಚಿ ಕೈಗೆ ಬಿಗಿಯಾದ ಬಳೆ ತೆಗೆಯುವ ತಾಯಂದಿರಿಗೆ ಈ ತತ್ವ ವಿವರಿಸಿ ಹೇಳಬೇಕಿಲ್ಲ.

ಇದೇ ಬಿಗಿಯ ದೊಡ್ಡ ರೂಪ ರೈಲಿನ ಚಕ್ರ. 1984ರಲ್ಲಿ ಆರಂಭವಾದ ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆಯಲ್ಲಿ ಗಾಲಿಗಳನ್ನು ಹತ್ತಾರು ಟನ್ ಒತ್ತಡದಲ್ಲಿ ಅಚ್ಚಿನ ಮೇಲೆ ಕೂರಿಸುತ್ತಾರೆ. ಸಾವಿರಾರು ಪ್ರಯಾಣಿಕರ ಜೀವ ನಿಂತಿರುವುದು ಕೂದಲೆಳೆಯ ಬಿಗಿಯ ಮೇಲೆ.

ಎಲ್ಲ ಉಪಾಯಗಳೂ ಸೋತಾಗ ಕೊನೆಯದು ಕತ್ತರಿಸುವುದು. ಒಳ ಬಳೆಯನ್ನು ಗ್ರೈಂಡರಿನಿಂದ ಮುಕ್ಕಾಲು ಆಳಕ್ಕೆ ಕೊಯ್ದು, ಚಾಣದ ಒಂದೇ ಪೆಟ್ಟಿಗೆ ಸೀಳುತ್ತಾರೆ. ಮುಕ್ಕಾಲಿಗೆ ನಿಲ್ಲಿಸುವುದರಲ್ಲೇ ಕೈಚಳಕವಿದೆ. ಇನ್ನಷ್ಟು ಇಳಿದರೆ ಷಾಫ್ಟಿಗೆ ಗಾಯ. ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ, ಷಾಫ್ಟು ಸುಲಭಕ್ಕೆ ಸಿಗುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಲಿಕೊಡಬಹುದು ಎಂಬ ವಿವೇಕವೇ ಒಳ್ಳೆಯ ಮೆಕ್ಯಾನಿಕ್ಕಿನ ಗುರುತು.

ತೋಟದ ಬಾಯಾರಿಕೆ

ಇದು ಬರೀ ಅಂಗಡಿಯೊಳಗಿನ ಮಾತಲ್ಲ. ಕೊಳ್ಳೇಗಾಲ ಹಿಂದಿನಿಂದಲೂ ರೇಷ್ಮೆಯ ಸೀಮೆ. ಮೊಟ್ಟೆಯೊಡೆದು ಬಂದ ರೇಷ್ಮೆಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ಐದನೆಯ ನಾಲ್ಕು ಭಾಗವನ್ನು ತಿನ್ನುವುದು ಕೊನೆಯ ಹಂತದಲ್ಲಿ. ಆ ದಿನಗಳಲ್ಲಿ ಬೇಸಿಗೆಯ ನಡುವೆ ಪಂಪು ನಿಂತು ಹಿಪ್ಪುನೇರಳೆ ಬಾಡಿದರೆ ತಿಂಗಳ ದುಡಿಮೆ ತಟ್ಟೆಯಲ್ಲೇ ಸಾಯುತ್ತದೆ. ಕಚ್ಚಿಕೊಂಡ ಬೇರಿಂಗೊಂದು ಇಂದು ಸಂಜೆ ಬಿಡುತ್ತದೋ, ಷಾಫ್ಟು ಹಾಳಾಗಿ ಮೋಟಾರು ಮೈಸೂರಿಗೆ ಹೋಗಿ ನಾಲ್ಕು ದಿನಕ್ಕೆ ಬರುತ್ತದೋ ಎಂಬುದರ ಮೇಲೆ ಒಂದು ಮನೆಯ ಸಾಲದ ಲೆಕ್ಕ ನಿಂತಿರುತ್ತದೆ. ರೈಲಿನ ಹಾದಿಯಿಂದ ದೂರ ಉಳಿದ ಈ ಊರುಗಳಿಗೆ ಕೈಗೆಟಕುವ ದೂರದ ಮೆಕ್ಯಾನಿಕ್ ಬಹಳ ದೊಡ್ಡ ಆಸರೆ.

ಆದರೆ ಈ ವಿದ್ಯೆಗೆ ಈಗ ಹೊಸ ಅಡ್ಡಿ ಬಂದಿದೆ. ಇತ್ತೀಚಿನ ಹಲವು ಯಂತ್ರಗಳಲ್ಲಿ ಬೇರಿಂಗನ್ನು ಬೇರೆಯಾಗಿ ತೆಗೆಯುವಂತಿಲ್ಲ. ಗುಂಬ, ಬೇರಿಂಗ್ ಎಲ್ಲ ಸೇರಿ ಒಂದೇ ಮುಚ್ಚಿದ ಭಾಗವಾಗಿ ಬರುತ್ತದೆ. ಒಂದು ಕೆಟ್ಟರೆ ಎಲ್ಲವನ್ನೂ ಎಸೆಯಬೇಕು. ಇದರಿಂದ ಜೋಡಣೆಯ ಖರ್ಚು ಉಳಿಯುತ್ತದೆ, ಧೂಳೂ ಒಳಹೋಗದು ಎಂಬುದು ನಿಜ. ಕೊಳ್ಳುವವನಿಗೆ ಬೀಳುವ ಹೊರೆಯೂ ಅಷ್ಟೇ ನಿಜ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿದಾಗ ಮೊದಲು ಗುರುತಿಸಿದ ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳೂ ವಾಹನಗಳೂ ಇದ್ದದ್ದು ಕಾರಣವಿಲ್ಲದೆ ಅಲ್ಲ.

ಬಳೆಮಂಟಪದ ಶಿಲ್ಪಿ ಬಿಡಿಸಲಾಗದ ಬಳೆಗಳನ್ನು ಕಡೆದದ್ದು ದೇವರ ಬಾಗಿಲ ಅಂದಕ್ಕಾಗಿ. ಅದು ಸವೆಯುವ ವಸ್ತುವಲ್ಲ, ತಿರುಗುವ ವಸ್ತುವೂ ಅಲ್ಲ. ದುಡಿಯುವ ಯಂತ್ರದ ಧರ್ಮ ಬೇರೆ. ಗಾಡಿಚಕ್ರದ ಪಟ್ಟೆಯನ್ನು ಬಿಗಿದ ಕಮ್ಮಾರ ಅದು ಒಂದು ದಿನ ತನ್ನ ಕುಲುಮೆಗೇ ಮರಳಿ ಬರುವುದೆಂದು ಬಲ್ಲವನಾಗಿದ್ದ. ಬಿಗಿಯುವಾಗಲೇ ಬಿಡಿಸುವ ದಾರಿಯನ್ನೂ ಉಳಿಸಿರುತ್ತಿದ್ದ.